ಕನ್ನಡ ಮಾಧ್ಯಮದಿಂದ ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಬರೆಯುವವರಿಗೆ: ಜಗಲಿಯ ತಯಾರಿಯಿಂದ ಪರೀಕ್ಷೆಯ ಕೋಣೆಯವರೆಗೆ

ಕ್ರಿಸ್‌ಮಸ್ ಪರೀಕ್ಷೆಯ ಮಾರ್ಕು ಕೈಗೆ ಬಂದ ಮೇಲೆ ನಮ್ಮ ಮನೆಯ ಜಗಲಿಗೆ ಮಕ್ಕಳು ಬರಲು ಸುರು ಮಾಡುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ನೀರ್ಚಾಲು, ಬದಿಯಡ್ಕ ಕಡೆಯ ಕನ್ನಡ ಶಾಲೆಗಳ ಮಕ್ಕಳು. ಹೆಚ್ಚಿನವರ ಮಾತು ಒಂದೇ. "ಟೀಚರ್, ಬಾಕಿ ಎಲ್ಲ ಆಗ್ತದೆ, ಇಂಗ್ಲಿಷ್ ಮಾತ್ರ ಹೆದರಿಕೆ."

ಈ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನಾನೂ ಕನ್ನಡ ಮಾಧ್ಯಮದಲ್ಲೇ ಹತ್ತನೇ ಕ್ಲಾಸು ಬರೆದವಳು. ಗೈಡಿನಿಂದ ಹನ್ನೆರಡು ಪ್ರಬಂಧ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದರಲ್ಲೊಂದು ಬಂದೇ ಬಂತು. ಸಂತೋಷದಿಂದ ಬರೆಯಲು ಕೂತೆ. ಮೂರನೇ ಸಾಲಿನಲ್ಲಿ ಒಂದು ಶಬ್ದ ಮರೆತುಹೋಯಿತು. ಆ ಶಬ್ದ ಇಲ್ಲದೆ ಮುಂದಿನ ಸಾಲು ನೆನಪಿಗೆ ಬರಲೇ ಇಲ್ಲ. ಪೆನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಕೊನೆಗೆ ಎರಡು ಪ್ರಶ್ನೆ ಬಿಟ್ಟು ಹೊರಗೆ ಬಂದೆ. ನನ್ನದೇ ಒಂದು ಸಣ್ಣ ಸಾಲು ಕಟ್ಟಲು ಬರುತ್ತಿದ್ದರೆ ಆ ದಿನ ಪಾರಾಗುತ್ತಿದ್ದೆ.

ಹಾಗಾಗಿ ನಾನು ಮಕ್ಕಳಿಗೆ ಮೊದಲ ದಿನವೇ ಎರಡು ಮಾತು ಹೇಳುತ್ತೇನೆ. ದಿನಾ ನಿಮ್ಮದೇ ಸಾಲು ಕೈಯಾರೆ ಬರೆಯಿರಿ. ನಿಮ್ಮ ಕನ್ನಡವನ್ನು ಬದಿಗಿಡಬೇಡಿ, ಅದರ ಮೇಲೆ ಕಾಲಿಟ್ಟೇ ಇಂಗ್ಲಿಷಿಗೆ ಹತ್ತಿ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಮರಾಠಿಯೋ ಆಡುತ್ತೀರಿ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳ. ಮೂರು ಭಾಷೆಯಲ್ಲಿ ದಿನ ಕಳೆಯುವ ಮಕ್ಕಳಿಗೆ ನಾಲ್ಕನೆಯದು ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ.

ಪರೀಕ್ಷೆ ಹೇಗಿರುತ್ತದೆ, ಮೊದಲು ಅದನ್ನು ತಿಳಿದುಕೊಳ್ಳಿ

ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಇಂಗ್ಲಿಷಿನ ಬರವಣಿಗೆ ಪರೀಕ್ಷೆ 80 ಸ್ಕೋರಿಗೆ. ಉಳಿದ 20 ನಿರಂತರ ಮೌಲ್ಯಮಾಪನದ್ದು, ಅದನ್ನು ಶಾಲೆಯಲ್ಲೇ ಕೊಡುತ್ತಾರೆ. ಬರೆಯಲು ಎರಡೂವರೆ ಗಂಟೆ. ಅದಕ್ಕೂ ಮೊದಲು 15 ನಿಮಿಷ ಕೂಲ್ ಆಫ್ ಟೈಮ್, ಅಂದರೆ ಪ್ರಶ್ನೆಪತ್ರಿಕೆ ಓದಲಿಕ್ಕೆಂದೇ ಇರುವ ಸಮಯ. ಒಟ್ಟು 90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎ ಪ್ಲಸ್. 30ಕ್ಕೆ ಡಿ ಪ್ಲಸ್, ಮುಂದೆ ಕಲಿಯಲು ಅಷ್ಟಾದರೂ ಬೇಕು.

ಒಂದು ವಿಷಯ ಹೆತ್ತವರಿಗೂ ಗೊತ್ತಿರಲಿ. ಗಣಿತ, ಸಮಾಜ, ವಿಜ್ಞಾನದ ಪ್ರಶ್ನೆಪತ್ರಿಕೆ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಸಿಗುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಸೂಚನೆಗಳೂ ಇಂಗ್ಲಿಷಿನಲ್ಲೇ. ಉತ್ತರ ಗೊತ್ತಿದ್ದೂ ಪ್ರಶ್ನೆ ಏನು ಕೇಳುತ್ತಿದೆ ಎಂದು ಅರ್ಥವಾಗದೆ ಸ್ಕೋರು ಕಳೆದುಕೊಳ್ಳುವವರು ಜಾಸ್ತಿ. ಆದ್ದರಿಂದ ಪ್ರಶ್ನೆಯಲ್ಲಿ ಬರುವ ಕ್ರಿಯಾಪದಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಪ್ರಿಪೇರ್, ಡ್ರಾಫ್ಟ್, ಕಂಪ್ಲೀಟ್, ರಿಪೋರ್ಟ್, ಎಡಿಟ್, ಪಿಕ್ ಔಟ್, ಐಡೆಂಟಿಫೈ, ಜಸ್ಟಿಫೈ. ಪಕ್ಕದಲ್ಲಿ ಕನ್ನಡ ಅರ್ಥ ಇರಲಿ. ಪಿಕ್ ಔಟ್ ಎಂದರೆ ಆ ಭಾಗದಿಂದಲೇ ಹೆಕ್ಕಿ ಬರೆಯಬೇಕು, ಸ್ವಂತ ಮಾತು ಬೇಡ. ಜಸ್ಟಿಫೈ ಎಂದರೆ 'ಹೌದು' ಅಂದರೆ ಸಾಲದು, ಯಾಕೆ ಎಂದು ಹೇಳಬೇಕು. ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ.

ಹತ್ತನೇ ತರಗತಿಯ ಪಠ್ಯಪುಸ್ತಕ 2025ರಲ್ಲಿ ಬದಲಾಗಿದೆ. ಅಣ್ಣನ, ಅಕ್ಕನ ಹಳೇ ಗೈಡು ಪಾಠಕ್ಕೆ ಉಪಯೋಗ ಇಲ್ಲ. ಹಳೇ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಬಿಸಾಡಬೇಡಿ. ಪಾಠ ಬೇರೆಯಾದರೂ ಪತ್ರ, ಡೈರಿ, ಎಡಿಟಿಂಗ್, ಸಂಭಾಷಣೆ ಪೂರ್ತಿ ಮಾಡುವುದು, ಇವಕ್ಕೆಲ್ಲ ಅವು ಒಳ್ಳೆಯ ಅಭ್ಯಾಸ. ಪುಸ್ತಕ ಕೈಯಲ್ಲಿ ಇಲ್ಲದವರಿಗೆ ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲ್‌ನಲ್ಲಿ ಸಿಗುತ್ತದೆ. ನಿಮ್ಮ ವರ್ಷದ ಮಾಡೆಲ್ ಪರೀಕ್ಷೆಯ ಪತ್ರಿಕೆಯನ್ನಂತೂ ಚಿನ್ನದ ಹಾಗೆ ಜೋಪಾನ ಮಾಡಿ.

ಹಂತ 1: ದಿನಕ್ಕೆ ಹತ್ತು ಸಾಲು

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟ ಕನ್ನಡಕ್ಕೆ, ಬಲಪುಟ ಇಂಗ್ಲಿಷಿಗೆ. ದಿನಾ ಸಂಜೆ ಎಡಗಡೆ ಹತ್ತು ಸಣ್ಣ ಸಾಲು ಬರೆಯಿರಿ, ಆ ದಿನ ನಿಜವಾಗಿ ನಡೆದದ್ದು. 'ಇವತ್ತು ಬಸ್ಸು ತಡವಾಯಿತು. ನಾನು ಓಡಿದೆ. ಟೀಚರ್ ಬೈಯಲಿಲ್ಲ. ಅಮ್ಮ ಅಡಿಕೆ ಸುಲಿಯುತ್ತಿದ್ದಳು.' ಇಷ್ಟೇ. ಆಮೇಲೆ ಬಲಗಡೆ ಅದೇ ಹತ್ತು ಸಾಲು ಇಂಗ್ಲಿಷಿನಲ್ಲಿ. ಒಂದು ಸಾಲಿಗೆ ಏಳೆಂಟು ಶಬ್ದ ದಾಟಬಾರದು. ಅಡಿಕೆ ಸುಲಿಯುವುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಗೊತ್ತಿಲ್ಲದಿದ್ದರೆ 'ಅಮ್ಮ ಕೆಲಸ ಮಾಡುತ್ತಿದ್ದಳು' ಎಂದು ಬದಲಾಯಿಸಿ ಬರೆಯಿರಿ. ಪರೀಕ್ಷೆಯಲ್ಲಿ ಕೈಹಿಡಿಯುವುದು ಇದೇ ಅಭ್ಯಾಸ. ಶಬ್ದ ಸಿಗದಾಗ ನಿಂತುಬಿಡದೆ ಪಕ್ಕದ ದಾರಿಯಲ್ಲಿ ಹೋಗಲು ಕಲಿಯುತ್ತೀರಿ. ನನಗೆ ಆ ವರ್ಷ ಗೊತ್ತಿಲ್ಲದೇ ಇದ್ದದ್ದು ಇದೊಂದೇ.

ಮೊಬೈಲಿನಲ್ಲಿ ಟೈಪ್ ಮಾಡಬೇಡಿ. ಮೊಬೈಲು ತಾನೇ ಸ್ಪೆಲ್ಲಿಂಗ್ ತಿದ್ದುತ್ತದೆ, ದೊಡ್ಡ ಅಕ್ಷರ ಹಾಕುತ್ತದೆ. ಮಾರ್ಚ್ ತಿಂಗಳಲ್ಲಿ ಅದು ಜೊತೆಗೆ ಬರುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಹಾಗಾಗಿ ಸಾಲಿನ ಮೊದಲ ಅಕ್ಷರ, ಊರಿನ ಹೆಸರು, ವಾರದ ಹೆಸರು, 'ನಾನು' ಎಂಬ ಅರ್ಥದ ಐ, ಇವನ್ನೆಲ್ಲ ಚಿಕ್ಕದಾಗಿ ಬರೆದುಬಿಡುತ್ತಾರೆ. ಕೈಯಿಂದ ಬರೆದು ಕೆಂಪು ಪೆನ್ನಿನಲ್ಲಿ ತಿದ್ದಿದರೆ ಎರಡು ವಾರದಲ್ಲಿ ಸರಿಯಾಗುತ್ತದೆ.

ತಿದ್ದಲು ಯಾರೂ ಇಲ್ಲವೇ? ಶಾಲೆಯ ಇಂಗ್ಲಿಷ್ ಟೀಚರಿಗೆ ವಾರಕ್ಕೊಮ್ಮೆ ತೋರಿಸಿ. ಮೂವತ್ತು ಮಕ್ಕಳಲ್ಲಿ ಒಬ್ಬರು ತಾವಾಗಿಯೇ ಬರೆದು ತಂದರೆ ಬೇಡ ಎನ್ನುವ ಟೀಚರನ್ನು ನಾನು ನೋಡಿಲ್ಲ.

ಹಂತ 2: ಕನ್ನಡ ಎಲ್ಲಿ ಎಡವಿಸುತ್ತದೆ, ಗುರುತು ಹಾಕಿಕೊಳ್ಳಿ

ಒಂದು ಸಂಜೆ ಒಬ್ಬಳು ಹುಡುಗಿ ತನ್ನ ಹತ್ತು ಸಾಲು ಓದಿದಳು. ಅದರಲ್ಲಿ 'ದೇ ಕೇಮ್ ಟು ಅವರ್ ಹೌಸ್, ದೇ ಗೇವ್ ಮಿ ಟೆನ್ ರುಪೀಸ್' ಎಂದಿತ್ತು. "ಯಾರೆಲ್ಲ ಬಂದಿದ್ರು?" ಎಂದು ಕೇಳಿದೆ. "ಅಜ್ಜಿ ಒಬ್ರೇ ಟೀಚರ್" ಎಂದಳು. ಅಜ್ಜಿಗೆ ಮರ್ಯಾದೆ ಕೊಟ್ಟು 'ಅವರು ಬಂದರು' ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಅದನ್ನೇ ಇಂಗ್ಲಿಷಿಗೆ ಇಳಿಸಿದ್ದಳು. ಎಷ್ಟು ಸಹಜ ಅಲ್ವಾ? ಇಂಗ್ಲಿಷಿನಲ್ಲಿ ಮರ್ಯಾದೆಯ ಬಹುವಚನ ಇಲ್ಲ. ಅಜ್ಜಿಯೂ ಶಿ, ಪುಟ್ಟ ತಂಗಿಯೂ ಶಿ. ಹೆಡ್‌ಮಾಸ್ಟರೂ ಹಿ. ಇದು ದಡ್ಡತನದ ತಪ್ಪಲ್ಲ, ಕನ್ನಡದಿಂದ ಬಂದ ತಪ್ಪು. ಎಲ್ಲಿಂದ ಬಂತು ಎಂದು ಒಮ್ಮೆ ಕಂಡರೆ ಮತ್ತೆ ಬರುವುದಿಲ್ಲ. ಆ ಹುಡುಗಿ ಮತ್ತೆ ಹಾಗೆ ಬರೆಯಲಿಲ್ಲ.

ಇಂಥವು ಇನ್ನೂ ಇವೆ. ಕನ್ನಡದಲ್ಲಿ 'ನಾನು ದಿನಾ ಬರ್ತೇನೆ' ಎಂದರೂ 'ನಾಳೆ ಬರ್ತೇನೆ' ಎಂದರೂ ಕ್ರಿಯಾಪದ ಒಂದೇ. ಇಂಗ್ಲಿಷಿನಲ್ಲಿ ನಾಳೆಯದಕ್ಕೆ ವಿಲ್ ಬೇಕು. 'ಹೋಗಲಿಲ್ಲ' ಎನ್ನುವಾಗ ಡಿಡ್ ನಾಟ್ ವೆಂಟ್ ಎಂದು ಬರೆಯುತ್ತಾರೆ. ಡಿಡ್ ಬಂದಾಗ ಭೂತಕಾಲದ ಭಾರ ಅದೇ ಹೊತ್ತಾಯಿತು, ಮುಂದಿನದು ಬರೀ ಗೋ. 'ಅದರ ಬಗ್ಗೆ ಚರ್ಚಿಸಿದೆವು' ಎಂಬ 'ಬಗ್ಗೆ'ಯನ್ನು ಹಿಡಿದುಕೊಂಡು ಡಿಸ್ಕಸ್ಡ್ ಅಬೌಟ್ ಎನ್ನುತ್ತಾರೆ. ಡಿಸ್ಕಸ್ ಮುಂದೆ ಅಬೌಟ್ ಬೇಡ. ಕನ್ನಡದಲ್ಲಿ ಎ, ಆನ್, ದ ಇಲ್ಲವಾದ್ದರಿಂದ ಅವು ಸುಮ್ಮನೆ ಬಿಟ್ಟುಹೋಗುತ್ತವೆ. ಮೊದಲ ಸಲ ಹೇಳುವ ಒಂದು ವಸ್ತುವಿಗೆ ಎ, ಅದೇ ವಸ್ತು ಎರಡನೇ ಸಲ ಬಂದರೆ ದ. ಇದೊಂದನ್ನು ನೆನಪಿಟ್ಟುಕೊಂಡರೂ ಹೆಚ್ಚಿನ ಕಡೆ ಸರಿಯಾಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮದೇ ತಪ್ಪುಗಳ ಪಟ್ಟಿ ಇಟ್ಟುಕೊಳ್ಳಿ. ಪರೀಕ್ಷೆಯ ಹಿಂದಿನ ದಿನ ಓದಬೇಕಾದ ಪುಟ ಅದು.

ಹಂತ 3: ವ್ಯಾಕರಣದ ಪ್ರಶ್ನೆಗಳು

ಇವು ಸಣ್ಣ ಪ್ರಶ್ನೆಗಳು, ಆದರೆ ಸ್ಕೋರು ಪೂರ್ತಿ ಸಿಗುವ ಜಾಗ. ಪತ್ರದಲ್ಲಿ ಐದಕ್ಕೆ ಐದು ಸಿಗುವುದು ಕಷ್ಟ. ಇಲ್ಲಿ ಸರಿ ಎಂದರೆ ಸರಿ.

ಸಂಭಾಷಣೆ ಪೂರ್ತಿ ಮಾಡುವ ಪ್ರಶ್ನೆಯಲ್ಲಿ ಕ್ವೆಶ್ಚನ್ ಟ್ಯಾಗ್ ಬರುವುದು ಸಾಮಾನ್ಯ. ನಮ್ಮಲ್ಲಿ ಎಲ್ಲದಕ್ಕೂ ಒಂದೇ 'ಅಲ್ವಾ'. 'ಅವಳು ಚೆನ್ನಾಗಿ ಹಾಡ್ತಾಳೆ, ಅಲ್ವಾ?' 'ನೀನು ಊಟ ಮಾಡ್ಲಿಲ್ಲ, ಅಲ್ವಾ?' ಇಂಗ್ಲಿಷಿನಲ್ಲಿ ಪ್ರತಿ ಸಾಲಿಗೂ ಬೇರೆ ಅಲ್ವಾ. ಅದನ್ನು ಕಂಡುಹಿಡಿಯುವುದು ಹೀಗೆ. ಸಾಲಿನಲ್ಲಿ ಸಹಾಯಕ ಕ್ರಿಯಾಪದ ಇದೆಯಾ ನೋಡಿ. ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಡು, ಡಸ್, ಡಿಡ್ ಪೈಕಿ ಹೊಂದುವುದನ್ನು ತನ್ನಿ. ಸಾಲು 'ಹೌದು' ಎಂದಿದ್ದರೆ ಟ್ಯಾಗ್ 'ಇಲ್ಲ', ಸಾಲು 'ಇಲ್ಲ' ಎಂದಿದ್ದರೆ ಟ್ಯಾಗ್ 'ಹೌದು'. ಕೊನೆಗೆ ಹೆಸರಿನ ಬದಲು ಹಿ, ಶಿ, ಇಟ್, ದೇ. 'ಶಿ ಸಿಂಗ್ಸ್ ವೆಲ್' ಎಂಬಲ್ಲಿ ಸಹಾಯಕ ಇಲ್ಲ, ಹಾಗಾಗಿ 'ಡಸಂಟ್ ಶಿ'. 'ಯು ಹ್ಯಾವಂಟ್ ಈಟನ್' ಎಂದರೆ 'ಹ್ಯಾವ್ ಯು'. 'ಲೆಟ್ಸ್ ಗೋ' ಎಂದರೆ 'ಶಾಲ್ ವಿ', ಇದನ್ನು ಹಾಗೇ ನೆನಪಿಡಿ.

ಇಫ್ ಬರುವ ಸಾಲುಗಳಲ್ಲಿ ನಮ್ಮ ಕನ್ನಡ ತುಂಬ ಸಹಾಯ ಮಾಡುತ್ತದೆ. 'ಓದಿದರೆ ಪಾಸಾಗುತ್ತೀಯ' ಎಂಬಲ್ಲಿ ಇನ್ನೂ ಅವಕಾಶ ಇದೆ, ಅದಕ್ಕೆ ವಿಲ್. 'ರೆಕ್ಕೆ ಇದ್ದರೆ ಹಾರುತ್ತಿದ್ದೆ' ಎಂಬುದು ಬರೀ ಕಲ್ಪನೆ, ಅದಕ್ಕೆ ವುಡ್. 'ಓದಿದ್ದರೆ ಪಾಸಾಗುತ್ತಿದ್ದೆ' ಎನ್ನುವಾಗ ಕಾಲ ಮಿಂಚಿದೆ, ಅದಕ್ಕೆ ವುಡ್ ಹ್ಯಾವ್. 'ಓದಿದರೆ', 'ಓದಿದ್ದರೆ' ನಡುವಿನ ವ್ಯತ್ಯಾಸ ನಿಮಗೆ ಹುಟ್ಟಿನಿಂದಲೇ ಗೊತ್ತು. ಮೊದಲು ಸಾಲನ್ನು ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಬರೆಯಿರಿ.

ರಿಪೋರ್ಟೆಡ್ ಸ್ಪೀಚ್‌ನಲ್ಲಿ ಮಾತ್ರ ಕನ್ನಡವನ್ನು ನಂಬಬಾರದು. 'ನಾಳೆ ನಾನು ಕುಂಬಳೆಗೆ ಹೋಗ್ತೇನೆ ಅಂತ ಅಮ್ಮ ಮಗನಿಗೆ ಹೇಳಿದಳು.' ನಾವು ಒಂದು 'ಅಂತ' ಸೇರಿಸುತ್ತೇವೆ, ಒಳಗಿನ ಮಾತು ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಒಳಗೆ ಮೂರು ಕಡೆ ಬದಲಾಗುತ್ತದೆ. ಐ ಹೋಗಿ ಶಿ, ವಿಲ್ ಹೋಗಿ ವುಡ್, ಟುಮಾರೋ ಹೋಗಿ ದ ನೆಕ್ಸ್ಟ್ ಡೇ. ಪೂರ್ತಿ ಸಾಲು ಹೀಗೆ: 'ದ ಮದರ್ ಟೋಲ್ಡ್ ಹರ್ ಸನ್ ದ್ಯಾಟ್ ಶಿ ವುಡ್ ಗೋ ಟು ಕುಂಬಳ ದ ನೆಕ್ಸ್ಟ್ ಡೇ.' ಪ್ರಶ್ನೆಯಾಗಿದ್ದರೆ ಸೆಡ್ ಬದಲು ಆಸ್ಕ್ಡ್ ಬರುತ್ತದೆ, ಪ್ರಶ್ನೆಯ ಕ್ರಮ ಮುರಿದು ಸಾದಾ ಸಾಲಾಗುತ್ತದೆ, ಪ್ರಶ್ನಾರ್ಥಕ ಚಿಹ್ನೆ ಹೋಗುತ್ತದೆ. 'ವೇರ್ ಆರ್ ಯು ಗೋಯಿಂಗ್?' ಎಂದು ಹುಡುಗನನ್ನು ಕೇಳಿದ್ದರೆ 'ವೇರ್ ಹಿ ವಾಸ್ ಗೋಯಿಂಗ್'. ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಪ್ರಶ್ನೆಗೆ ಇಫ್ ಅಥವಾ ವೆದರ್. ದಿನಾ ಮನೆಯಲ್ಲಿ ಕೇಳಿದ ಎರಡು ಮಾತನ್ನು ಹೀಗೆ ಬದಲಾಯಿಸಿ. ಒಂದು ತಿಂಗಳಲ್ಲಿ ಅರುವತ್ತು ಸಾಲಾಗುತ್ತದೆ, ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ಫ್ರೇಸಲ್ ವರ್ಬ್ ಎಂದರೆ ಮಕ್ಕಳು ಬೆದರುತ್ತಾರೆ. ಕನ್ನಡದಲ್ಲೂ ಇಂಥವು ಇವೆ: ಕೈಕೊಡು, ಕೈಬಿಡು, ಕೈಹಿಡಿ, ಕೈಗೂಡು. ಎಲ್ಲದರಲ್ಲೂ ಕೈ ಇದೆ, ಅರ್ಥ ನಾಲ್ಕು ಬಗೆ. ಇಂಗ್ಲಿಷಿನ ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇನ್‌ಟು, ಲುಕ್ ಡೌನ್ ಆನ್ ಕೂಡ ಹೀಗೆಯೇ. ನೋಡಿಕೊಳ್ಳು, ಹುಡುಕು, ವಿಚಾರಿಸು, ಕೀಳಾಗಿ ಕಾಣು. ಒಂದೊಂದಕ್ಕೂ ನಿಮ್ಮದೇ ಒಂದು ಸಾಲು ಬರೆದಿಡಿ. ಬರೀ ಪಟ್ಟಿ ಓದಿದರೆ ಮರುದಿನ ಹೋಗುತ್ತದೆ.

ಎಡಿಟಿಂಗಿನಲ್ಲಿ ತಪ್ಪಿರುವ ಶಬ್ದಗಳಿಗೆ ಗೆರೆ ಎಳೆದು ಕೊಟ್ಟಿರುತ್ತಾರೆ. ಅಲ್ಲಿ ಹುಡುಕಬೇಕಾದದ್ದು ಐದೇ: ಕಾಲ, ಏಕವಚನ ಬಹುವಚನದ ಹೊಂದಾಣಿಕೆ, ಎ ಮತ್ತು ದ, ಪ್ರಿಪೊಸಿಶನ್, ಸ್ಪೆಲ್ಲಿಂಗ್.

ಹಂತ 4: ದೊಡ್ಡ ಉತ್ತರಗಳು

ಪತ್ರ, ಡೈರಿ, ಭಾಷಣ, ವರದಿ, ಪಾತ್ರ ಪರಿಚಯ, ಕಥನ, ವ್ಯಕ್ತಿ ಪರಿಚಯ, ನೋಟಿಸು. ಗೈಡಿನವರು ಒಂದೊಂದಕ್ಕೂ ನಾಲ್ಕು ಮಾದರಿ ಕೊಡುತ್ತಾರೆ. ಮಕ್ಕಳು ಮೂವತ್ತು ಮಾದರಿ ಬಾಯಿಪಾಠ ಮಾಡಲು ಹೊರಡುತ್ತಾರೆ. ದಯವಿಟ್ಟು ಬೇಡ. ಇಲ್ಲಿ ಬಾಯಿಪಾಠ ಬೇಕಾದದ್ದು ಚೌಕಟ್ಟು ಮಾತ್ರ.

ಯಕ್ಷಗಾನದ ಮಾತಿನ ಕೂಟವಾದ ನಮ್ಮ ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ಪಾತ್ರದ ಮಾತು ಆಡುವ ಅರ್ಥಧಾರಿಗೆ ಪ್ರಸಂಗ ಗೊತ್ತು, ಪದ ಗೊತ್ತು, ತನ್ನ ಪಾತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು. ಮಾತು ಮಾತ್ರ ಅವನದ್ದೇ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲಿಂದಲೇ ಕರ್ಣನಾಗಿ ಪೀಠಿಕೆ ಹೇಳುತ್ತಾನೆ, ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ. ಒಂದು ರಾತ್ರಿ ಆಡಿದ ಹಾಗೆ ಇನ್ನೊಂದು ರಾತ್ರಿ ಆಡುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯ ಮಕ್ಕಳಿಗೆ ಇದು ಹೊಸ ವಿಷಯ ಅಲ್ಲ. ಪಾತ್ರದ ಡೈರಿ ಬರೆಯಿರಿ ಎಂದು ಕೇಳಿದಾಗ ಮಾಡಬೇಕಾದದ್ದು ಇದೇ. ಪಾಠದ ಕತೆ ನಿಮಗೆ ಗೊತ್ತಿರಬೇಕು. ಆಮೇಲೆ ಆ ಪಾತ್ರದ ಜಾಗದಲ್ಲಿ ಕೂತು, ನಿಮ್ಮ ಸಣ್ಣ ಸಣ್ಣ ಸಾಲಿನಲ್ಲಿ ಮಾತಾಡಬೇಕು.

ಡೈರಿಗೆ ಮೇಲೆ ದಿನಾಂಕ. 'ನಾನು' ಎಂದೇ ಬರೆಯಬೇಕು. ನಡೆದದ್ದು ಮೂರು ಸಾಲು ಇದ್ದರೆ ಮನಸ್ಸಿಗೆ ಆದದ್ದು ಐದು ಸಾಲು ಇರಲಿ. ಹೆಚ್ಚಿನವರು ಕತೆಯನ್ನೇ ಪುನಃ ಹೇಳಿ ನಿಲ್ಲಿಸುತ್ತಾರೆ, ಭಾವನೆಯ ಸ್ಕೋರು ಹೋಗುತ್ತದೆ. 'ಐ ಕಾಂಟ್ ಸ್ಲೀಪ್. ಹಿಸ್ ಫೇಸ್ ಈಸ್ ಸ್ಟಿಲ್ ಇನ್ ಮೈ ಮೈಂಡ್. ವೈ ಡಿಡ್ ಐ ಶೌಟ್ ಅಟ್ ಹಿಮ್?' ಇದರಲ್ಲಿ ಕಷ್ಟದ ಶಬ್ದ ಒಂದೂ ಇಲ್ಲ ನೋಡಿ.

ವ್ಯಕ್ತಿ ಪರಿಚಯದಲ್ಲಿ ಪ್ರಶ್ನೆಯಲ್ಲೇ ವಿವರ ಕೊಟ್ಟಿರುತ್ತಾರೆ. ಹುಟ್ಟು, ಊರು, ಕೆಲಸ, ಗೌರವ, ನಿಧನ. ನಾನು ಮಕ್ಕಳಿಗೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನೇ ಕೊಡುತ್ತೇನೆ. ಜನನ 1883 ಮಾರ್ಚ್ 23, ಮಂಗಳೂರು. ವಾಸ ಮಂಜೇಶ್ವರ. ಕವಿ, ಸಂಶೋಧಕ, ಹಲವು ಭಾಷೆ ಬಲ್ಲವರು. ರಾಷ್ಟ್ರಕವಿ ಗೌರವ 1949. ನಿಧನ 1963 ಸೆಪ್ಟೆಂಬರ್ 6. ಮಕ್ಕಳು ಮೊದಲು ಬರೆಯುವುದು ಹೀಗೆ: 'ಹಿ ವಾಸ್ ಬಾರ್ನ್ ಇನ್ ಮ್ಯಾಂಗಲೋರ್. ಹಿ ವಾಸ್ ಬಾರ್ನ್ ಆನ್ 23 ಮಾರ್ಚ್ 1883. ಹಿ ಲಿವ್ಡ್ ಇನ್ ಮಂಜೇಶ್ವರ್. ಹಿ ವಾಸ್ ಎ ಪೊಯೆಟ್.' ತಪ್ಪೇನೂ ಇಲ್ಲ. ಆದರೆ ಎಲ್ಲ ಸಾಲೂ ಹಿ ಎಂದೇ ಸುರುವಾದರೆ ಓದುವವರಿಗೆ ಬೇಸರ. ಎರಡೆರಡು ಸಾಲು ಜೋಡಿಸಲು ಹೇಳುತ್ತೇನೆ. 'ಬಾರ್ನ್ ಇನ್ ಮ್ಯಾಂಗಲೋರ್ ಆನ್ 23 ಮಾರ್ಚ್ 1883, ಗೋವಿಂದ ಪೈ ಲಿವ್ಡ್ ಇನ್ ಮಂಜೇಶ್ವರ್. ಎ ಪೊಯೆಟ್ ಆ್ಯಂಡ್ ಸ್ಕಾಲರ್, ಹಿ ನ್ಯೂ ಮೆನಿ ಲ್ಯಾಂಗ್ವೇಜಸ್.' ಇದೇ ಎರಡು ಅಚ್ಚಿನಲ್ಲಿ ಯಾರ ಪರಿಚಯವನ್ನೂ ಬರೆಯಬಹುದು. ಕೊಟ್ಟ ಒಂದೇ ಒಂದು ವಿವರವನ್ನೂ ಬಿಡಬಾರದು. ಬರೆದ ಮೇಲೆ ಪ್ರಶ್ನೆಪತ್ರಿಕೆಯಲ್ಲಿ ಒಂದೊಂದಕ್ಕೂ ಪೆನ್ಸಿಲ್ ಗುರುತು ಹಾಕಿ ನೋಡಿಕೊಳ್ಳಿ.

ಪತ್ರದ ಚೌಕಟ್ಟನ್ನು ಹತ್ತು ಸಲ ಬರೆದು ಕೈಗೆ ಅಭ್ಯಾಸ ಮಾಡಿಸಿ. ಅಧಿಕಾರಿಗೆ ಬರೆಯುವುದಾದರೆ ವಿಷಯ ಒಂದೇ ಸಾಲಿನಲ್ಲಿ ಮೇಲೆ ಬರಲಿ. ಮೊದಲ ಪ್ಯಾರಾದಲ್ಲಿ ತೊಂದರೆ ಏನು, ಎರಡನೆಯದರಲ್ಲಿ ಯಾರಿಗೆ ಹೇಗೆ ಕಷ್ಟ, ಮೂರನೆಯದರಲ್ಲಿ ಏನು ಮಾಡಬೇಕು. ಸಂಜೆ ಐದರ ನಂತರ ನಿಮ್ಮ ಊರಿಗೆ ಬಸ್ಸಿಲ್ಲ ಎಂದು ಬರೆದು ಅಭ್ಯಾಸ ಮಾಡಿ, ವಿಷಯ ಹುಡುಕಬೇಕಾಗಿಲ್ಲ. ಯುವರ್ಸ್ ಎಂಬಲ್ಲಿ ಎಸ್ ಮೊದಲು ಅಪಾಸ್ಟ್ರಫಿ ಹಾಕಬೇಡಿ. ನಿಮ್ಮ ನಿಜವಾದ ಹೆಸರು, ಶಾಲೆಯ ಹೆಸರು ಉತ್ತರದೊಳಗೆ ಎಲ್ಲಿಯೂ ಬರೆಯಬೇಡಿ. ಪ್ರಶ್ನೆಯಲ್ಲಿ ಕೊಟ್ಟ ಹೆಸರು ಇದ್ದರೆ ಅದು, ಇಲ್ಲದಿದ್ದರೆ ಎಕ್ಸ್ ವೈ ಝಡ್.

ನೋಟಿಸು, ವರದಿ ಸುಲಭ. ಏನು, ಯಾವಾಗ, ಎಲ್ಲಿ, ಯಾರು. ನಾಲ್ಕೂ ಇದ್ದರೆ ಮುಗಿಯಿತು.

ಚಾರ್ಟು ಅಥವಾ ಪಟ್ಟಿ ನೋಡಿ ಉತ್ತರಿಸುವ ಪ್ರಶ್ನೆಗೆ ನಿಮ್ಮ ಕ್ಲಾಸಿನವರು ಶಾಲೆಗೆ ಹೇಗೆ ಬರುತ್ತಾರೆ ಎಂದು ಲೆಕ್ಕ ಮಾಡಿ ನೀವೇ ಒಂದು ಪಟ್ಟಿ ಮಾಡಿ. ಬಸ್ಸು, ನಡಿಗೆ, ರಿಕ್ಷಾ, ಸೈಕಲ್. ಯಾವುದು ಎಲ್ಲಕ್ಕಿಂತ ಜಾಸ್ತಿ, ಯಾವುದು ಕಡಿಮೆ, ಯಾವುದು ಯಾವುದಕ್ಕಿಂತ ಜಾಸ್ತಿ. ಮೋರ್ ದ್ಯಾನ್, ಲೆಸ್ ದ್ಯಾನ್, ದ ಮೋಸ್ಟ್, ದ ಲೀಸ್ಟ್ ಇಷ್ಟರಲ್ಲೇ ಹತ್ತು ಸಾಲು ಆಗುತ್ತದೆ.

ಹಂತ 5: ಪದ್ಯ

ಕನ್ನಡ ಕ್ಲಾಸಿನಲ್ಲಿ ಉಪಮೆ, ರೂಪಕ, ಅನುಪ್ರಾಸ ಕಲಿತಿದ್ದೀರಿ. ಸಿಮಿಲಿ ಎಂದರೆ ಉಪಮೆ, ಲೈಕ್ ಅಥವಾ ಆಸ್ ಇದ್ದಲ್ಲಿ ಹುಡುಕಿ. ಮೆಟಫರ್ ಎಂದರೆ ರೂಪಕ. ಅಲಿಟರೇಶನ್ ಎಂದರೆ ಹತ್ತಿರದ ಶಬ್ದಗಳ ಮೊದಲಿಗೆ ಒಂದೇ ಉಚ್ಚಾರ ಮತ್ತೆ ಮತ್ತೆ ಬರುವುದು. ಪರ್ಸೊನಿಫಿಕೇಶನ್ ಎಂದರೆ ಗಾಳಿ, ಮರ, ಸಮುದ್ರ ಮನುಷ್ಯರ ಹಾಗೆ ನಡೆದುಕೊಳ್ಳುವುದು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಸಾಲಿನ ಕೊನೆಯಲ್ಲಿ. ಕೊನೆಯ ಶಬ್ದಗಳನ್ನು ಗಟ್ಟಿಯಾಗಿ ಓದಿ ಎ, ಬಿ ಎಂದು ಗುರುತು ಹಾಕಿದರೆ ರೈಮ್ ಸ್ಕೀಮ್ ಸಿಗುತ್ತದೆ. ಕಣ್ಣಿಗೆ ಕಾಣುವ ಅಕ್ಷರ ನೋಡಬೇಡಿ, ಕಿವಿಗೆ ಕೇಳುವುದನ್ನು ನಂಬಿ.

ಪದ್ಯದ ಮೆಚ್ಚುಗೆ ಬರೆಯುವಾಗ ಕವಿಯ ಹೆಸರು, ಪದ್ಯದ ವಿಷಯ, ಒಂದೆರಡು ಸಾಲು ಎತ್ತಿ ಹೇಳುವುದು, ಅಲಂಕಾರ, ಕೊನೆಗೆ ನಿಮಗೆ ಏನನ್ನಿಸಿತು. ಈ ಕೊನೆಯದನ್ನು ನಿಜವಾಗಿ ಬರೆಯಿರಿ. 'ವೆರಿ ನೈಸ್ ಪೊಯೆಮ್' ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಸಾಲು ಮನಸ್ಸಿನಲ್ಲಿ ಉಳಿಯಿತು, ಯಾಕೆ, ಅದನ್ನು ಹೇಳಿ.

ಹಂತ 6: ಗಡಿಯಾರ ಇಟ್ಟು ಬರೆಯಿರಿ

ಫೆಬ್ರವರಿಯಲ್ಲಿ ಮಾಡೆಲ್ ಪರೀಕ್ಷೆ ಬರುತ್ತದೆ. ಅದಕ್ಕೆ ಮೊದಲು ಮನೆಯಲ್ಲಿ ಕಡಿಮೆಯೆಂದರೆ ಮೂರು ಪೂರ್ತಿ ಪತ್ರಿಕೆ ಬರೆಯಿರಿ. ಭಾನುವಾರ ಬೆಳಗ್ಗೆ, ಪರೀಕ್ಷೆಯ ಹೊತ್ತಿಗೇ. ನಡುವೆ ಏಳಬಾರದು. ಎರಡೂವರೆ ಗಂಟೆ ಎಂದರೆ 150 ನಿಮಿಷ. ಒಂದು ಸ್ಕೋರಿಗೆ ಒಂದೂಮುಕ್ಕಾಲು ನಿಮಿಷ ಎಂದಿಟ್ಟರೆ 80ಕ್ಕೆ 140 ನಿಮಿಷ, ಪುನಃ ಓದಲು 10 ನಿಮಿಷ ಉಳಿಯುತ್ತದೆ. ಐದು ಸ್ಕೋರಿನ ಉತ್ತರಕ್ಕೆ ಒಂಬತ್ತು ನಿಮಿಷ ಹತ್ತಿರ. ಅಷ್ಟರಲ್ಲಿ ಮುಗಿಯದಿದ್ದರೆ ಎರಡು ಗೆರೆ ಜಾಗ ಬಿಟ್ಟು ಮುಂದೆ ಹೋಗಿ.

ನಮ್ಮ ಮಕ್ಕಳಿಗೆ ಸಮಯ ಸಾಲದಿರಲು ಮುಖ್ಯ ಕಾರಣ ಕೈ ಓಡದಿರುವುದು. ಕನ್ನಡ ಬರೆದು ಪಳಗಿದ ಕೈಗೆ ಇಂಗ್ಲಿಷಿನ ಕೂಡಕ್ಷರ, ಅಂದರೆ ಕರ್ಸಿವ್, ನಿಧಾನ. ಬಿಡಿ ಅಕ್ಷರ ವೇಗವಾಗಿ ಬಂದರೆ ಬಿಡಿಯಾಗಿಯೇ ಬರೆಯಿರಿ. ಚಂದ ಬೇಕಾಗಿಲ್ಲ, ಓದಲು ಆಗಬೇಕು.

ಹಂತ 7: ಹಿಂದಿನ ದಿನ ಮತ್ತು ಬೆಳಗ್ಗೆ

ಹಿಂದಿನ ದಿನ ಹೊಸತೇನೂ ಓದಬೇಡಿ. ತಪ್ಪಿನ ಪುಟ, ಪತ್ರದ ಚೌಕಟ್ಟು, ಪಾಠಗಳ ಕತೆ ಮತ್ತು ಪಾತ್ರಗಳ ಹೆಸರಿನ ಸ್ಪೆಲ್ಲಿಂಗ್. ಅಷ್ಟು ಸಾಕು. ಮಾರ್ಚ್ ಅಂದರೆ ಭೂತಕೋಲ, ಯಕ್ಷಗಾನದ ಆಟ, ಜಾತ್ರೆಗಳ ಕಾಲ. ಮೈಕಿನ ಸದ್ದು ರಾತ್ರಿಯಿಡೀ ಇರಬಹುದು. ಹೆತ್ತವರೇ, ಆ ಒಂದು ರಾತ್ರಿ ಮಗುವಿಗೆ ಒಳಗಿನ ಕೋಣೆ ಕೊಡಿ. ನೆಂಟರ ಮನೆಯ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಬೇಡಿ.

ಹಾಲ್ ಟಿಕೆಟ್, ಒಂದೇ ಬಣ್ಣದ ಎರಡು ಪೆನ್ನು, ಪೆನ್ಸಿಲ್, ಸ್ಕೇಲು, ಮುಳ್ಳಿನ ಸಾದಾ ವಾಚು, ನೀರು. ಒಳಗಿನ ಊರುಗಳಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು. ಯಾವತ್ತಿನ ಬಸ್ಸಿಗಿಂತ ಒಂದು ಬಸ್ಸು ಮೊದಲೇ ಹೊರಡಿ. ಗಂಜಿಯೋ ದೋಸೆಯೋ, ದಿನಾ ತಿನ್ನುವುದನ್ನೇ ತಿನ್ನಿ.

ಹಂತ 8: ಪರೀಕ್ಷೆಯ ಕೋಣೆಯಲ್ಲಿ

ಮೊದಲ 15 ನಿಮಿಷ ಬರೆಯುವಂತಿಲ್ಲ. ಕೆಲವರು ಆ ಹೊತ್ತಿನಲ್ಲಿ ಕಿಟಕಿ ನೋಡುತ್ತಾರೆ. ಅದು ಇಡೀ ಪರೀಕ್ಷೆಯ ಬೆಲೆಬಾಳುವ 15 ನಿಮಿಷ. ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ. ಆಯ್ಕೆ ಇರುವ ಕಡೆ ಯಾವುದನ್ನು ಬರೆಯುವುದು ಎಂದು ಅಲ್ಲೇ ತೀರ್ಮಾನ ಮಾಡಿ. 'ಎನಿ ಫೋರ್' ಎಂದಿದೆಯಾ, 'ಆಲ್' ಎಂದಿದೆಯಾ, ಎರಡು ಸಲ ನೋಡಿ. ಓದದ ಗದ್ಯಭಾಗ ಇದ್ದರೆ ಪ್ರಶ್ನೆಗಳನ್ನು ಮೊದಲು ಓದಿ, ಆಮೇಲೆ ಗದ್ಯ. ಒಂದು ಶಬ್ದ ಗೊತ್ತಿಲ್ಲ ಎಂದು ನಿಲ್ಲಬೇಡಿ. ಹಿಂದಿನ ಮುಂದಿನ ಸಾಲಿನಿಂದ ಊಹೆ ಮಾಡಿ. ಮಲಯಾಳ ನೀವು ಕಲಿತದ್ದು ಹೀಗೆಯೇ ಅಲ್ವಾ? ಬಸ್ಸಿನಲ್ಲಿ ಕೇಳಿ ಕೇಳಿ, ಊಹಿಸಿ.

ಬರೆಯಲು ಬೆಲ್ ಆದ ಮೇಲೆ ರಿಜಿಸ್ಟರ್ ನಂಬರನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಿಧಾನವಾಗಿ ತುಂಬಿಸಿ. ಅದಕ್ಕೆ ಒಂದು ನಿಮಿಷ ಹೋದರೆ ಹೋಗಲಿ. ಆಮೇಲೆ ಚೆನ್ನಾಗಿ ಗೊತ್ತಿರುವುದರಿಂದ ಸುರು ಮಾಡಿ. ಕ್ರಮ ಮುಖ್ಯ ಅಲ್ಲ, ಪ್ರಶ್ನೆಯ ನಂಬರು ಮುಖ್ಯ. ಪತ್ರಿಕೆಯಲ್ಲಿ ಯಾವ ನಂಬರು ಇದೆಯೋ ಅದನ್ನೇ ಹಾಕಿ. ಸಣ್ಣ ಪ್ರಶ್ನೆಗೆ ಪ್ರಶ್ನೆಯ ಸಾಲನ್ನೇ ತಿರುಗಿಸಿ ಉತ್ತರ ಮಾಡಿ. 'ವೈ ಡಿಡ್ ದ ಬಾಯ್ ಕ್ರೈ?' ಎಂದರೆ 'ದ ಬಾಯ್ ಕ್ರೈಡ್ ಬಿಕಾಸ್' ಎಂದು ಸುರು. ಅರ್ಧ ಸಾಲು ಪ್ರಶ್ನೆಯೇ ಕೊಟ್ಟಿತು.

ನಡುವೆ ಎಲ್ಲಾದರೂ ಶಬ್ದ ಮರೆತರೆ ಪೆನ್ನು ಕೆಳಗಿಡಿ, ಒಂದು ಗುಟುಕು ನೀರು ಕುಡಿಯಿರಿ. ಹೇಳಬೇಕಾದದ್ದನ್ನು ಕನ್ನಡದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದನ್ನೇ ಇನ್ನೂ ಸುಲಭ ಕನ್ನಡದಲ್ಲಿ ಪುನಃ ಹೇಳಿ. ಆ ಸುಲಭದ ಸಾಲಿಗೆ ಬೇಕಾದ ಇಂಗ್ಲಿಷ್ ನಿಮ್ಮಲ್ಲಿ ಇರುತ್ತದೆ. ಮೂರು ತಿಂಗಳು ಎಡಪುಟ, ಬಲಪುಟ ಬರೆದದ್ದು ಇದಕ್ಕೇ.

ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಪತ್ರ ಪೂರ್ತಿ ಬಾರದಿದ್ದರೂ ಚೌಕಟ್ಟು ಬರೆಯಿರಿ, ಅದಕ್ಕೂ ಸ್ಕೋರು ಸಿಗಬಹುದು. ಹೆಚ್ಚಿನ ಹಾಳೆ ಬೇಕಾದರೆ ಮೊದಲೇ ಕೇಳಿ, ಅದರಲ್ಲೂ ರಿಜಿಸ್ಟರ್ ನಂಬರು ಬರೆಯಿರಿ, ಎಷ್ಟು ತೆಗೆದುಕೊಂಡಿರಿ ಎಂದು ಲೆಕ್ಕ ಇಡಿ. ಕೊನೆಯ ಹತ್ತು ನಿಮಿಷದಲ್ಲಿ ಪೂರ್ತಿ ಓದಲು ಹೋಗಬೇಡಿ. ನಿಮ್ಮ ತಪ್ಪಿನ ಪುಟದಲ್ಲಿದ್ದ ನಾಲ್ಕೈದನ್ನು ಮಾತ್ರ ಹುಡುಕಿ: ಹಿ ಇರಬೇಕಾದಲ್ಲಿ ದೇ ಇದೆಯಾ, ಡಿಡ್ ಮುಂದೆ ವೆಂಟ್ ಇದೆಯಾ, ಊರಿನ ಹೆಸರಿಗೆ ದೊಡ್ಡಕ್ಷರ ಇದೆಯಾ. ಆಮೇಲೆ ಹಾಳೆಗಳನ್ನು ಕ್ರಮವಾಗಿ ಜೋಡಿಸಿ ನೂಲು ಕಟ್ಟಿ. ಗಡಿಬಿಡಿಯಲ್ಲಿ ಕಟ್ಟಿ ನಡುವಿನ ಹಾಳೆ ತಲೆಕೆಳಗಾದದ್ದನ್ನು ನಾನು ನೋಡಿದ್ದೇನೆ.

ಹೊರಗೆ ಬಂದ ಮೇಲೆ

ಗೇಟಿನ ಹತ್ತಿರ ನಿಂತು ಉತ್ತರ ಹೋಲಿಸಬೇಡಿ. ಮನೆಗೆ ಹೋಗಿ ಊಟ ಮಾಡಿ, ಮಲಗಿ. ಮುಂದಿನ ವಿಷಯ ಕಾಯುತ್ತಿರುತ್ತದೆ.

ಫಲಿತಾಂಶ ಬಂದ ಮೇಲೆ ಗ್ರೇಡು ನಿರೀಕ್ಷೆಗಿಂತ ತುಂಬ ಕಡಿಮೆ ಅನ್ನಿಸಿದರೆ ಮರುಮೌಲ್ಯಮಾಪನಕ್ಕೆ, ಸ್ಕ್ರುಟಿನಿಗೆ (ಸ್ಕೋರು ಕೂಡಿಸಿದ್ದು ಸರಿಯಿದೆಯಾ ಎಂದು ನೋಡುವುದು), ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಬಹುದು. ದಿನ ಕಡಿಮೆ ಕೊಡುತ್ತಾರೆ, ಹಾಗಾಗಿ ಫಲಿತಾಂಶದ ಮರುದಿನವೇ ಶಾಲೆಗೆ ಹೋಗಿ ವಿಚಾರಿಸಿ. ಡಿ ಪ್ಲಸ್ ಬಾರದಿದ್ದರೆ ಸೇ, ಅಂದರೆ 'ಸೇವ್ ಎ ಇಯರ್' ಪರೀಕ್ಷೆ ಉಂಟು, ವರ್ಷ ಹೋಗುವುದಿಲ್ಲ. ಮೂರು ವಿಷಯದವರೆಗೆ ಬರೆಯಬಹುದು. ಆ ನೋಟ್‌ಬುಕ್ ಇನ್ನೂ ನಿಮ್ಮ ಹತ್ತಿರ ಇರುತ್ತದಲ್ಲ, ಅದರ ಮುಂದಿನ ಖಾಲಿ ಪುಟದಿಂದ ಅದೇ ಸಂಜೆ ಮತ್ತೆ ಹತ್ತು ಸಾಲು ಬರೆಯಲು ಸುರು ಮಾಡಿ.